ಸ್ಲೀವ್ ಶಸ್ತ್ರಚಿಕಿತ್ಸೆಯ ನಂತರದ ಊಟ: ಪ್ರೋಟೀನ್ ಪುಡಿ, ರಾಗಿಗಂಜಿ, ಗಟ್ಟಿ ಮೊಸರು

ತೂಕ ಇಳಿಸಲೆಂದು ಮಾಡುವ ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದುಹಾಕುವುದರಿಂದ, ಉಳಿಯುವುದು ಬಾಳೆಹಣ್ಣಿನಂತಹ ಸಪೂರ ಕೊಳವೆ ಮಾತ್ರ. ಮೂರು ನಾಲ್ಕು ಚಮಚಕ್ಕೇ ಸಾಕೆನ್ನುವ ಆ ಜಾಗದಲ್ಲಿ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಹಿಡಿಸಬೇಕು. ಇಲ್ಲವಾದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ತಲೆಗೂದಲೂ ಉದುರುತ್ತದೆ. ಇದಕ್ಕಾಗಿ ನಾನು ಬಳಸಿ ನೋಡಿದ ಮೂರರಲ್ಲಿ ಇಂದಿಗೂ ನನ್ನ ಅಡುಗೆಮನೆಯಲ್ಲಿ ದಿನವೂ ತಯಾರಾಗುವುದು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು.

ಅಂಕಿಗಳಲ್ಲಿ ಗೆಲ್ಲುವುದು ಪುಡಿಯೇ ಎಂಬುದರಲ್ಲಿ ಸಂಶಯವಿಲ್ಲ. 30 ಗ್ರಾಂನ ಒಂದು ಅಳತೆಯಲ್ಲಿ 24 ಗ್ರಾಂನಷ್ಟು ಪ್ರೋಟೀನ್ ಸಿಗುತ್ತದೆ, ಮತ್ತು ದ್ರವಾಹಾರವನ್ನಷ್ಟೇ ಕೊಡುವ ಮೊದಲ ಎರಡು ವಾರಗಳಲ್ಲಿ ಅದನ್ನು ಬಿಟ್ಟು ನಡೆಯುವುದು ಕಷ್ಟ. ಆದರೆ ಶಸ್ತ್ರಚಿಕಿತ್ಸೆಗೆ ಮುಂಚೆ ರುಚಿಯೆನಿಸಿದ್ದ ಚಾಕೊಲೇಟ್ ಪುಡಿಯ ದೊಡ್ಡ ಡಬ್ಬಿ, ಆಮೇಲೆ ಮುಚ್ಚಳ ತೆರೆದರೂ ಹೊಟ್ಟೆ ತೊಳಸುವಂತಾಯಿತು. ನಾಲಿಗೆಯ ರುಚಿ ಹೀಗೆ ಬದಲಾಗುವುದು ಈ ಚಿಕಿತ್ಸೆಯ ನಂತರ ಅನೇಕರ ಅನುಭವ. ಕೃತಕ ಸಿಹಿಯಂತೂ ನನಗೆ ಗಂಟಲಲ್ಲೇ ನಿಲ್ಲುತ್ತಿತ್ತು.

ಸಿಹಿಗಿಂತ ದೊಡ್ಡ ತೊಂದರೆ ನೊರೆಯದು. ಡಬ್ಬಿಯ ಮೇಲಿನ ಸೂಚನೆಯಂತೆ ಕುಲುಕಿದರೆ ಲೋಟದ ಮೂರನೇ ಒಂದು ಭಾಗ ನೊರೆಯೇ ಆಗುತ್ತದೆ, ಕುಡಿದಾಗ ಅದರೊಳಗಿನ ಗಾಳಿಯೂ ಆ ಇಕ್ಕಟ್ಟಾದ ಕೊಳವೆಗೆ ಇಳಿದು ಎದೆಯ ಕೆಳಗೆ ಒತ್ತಿ ಹಿಡಿದಂತಾಗುತ್ತದೆ, ತೇಗು ಬರುವವರೆಗೆ ಮಲಗಲೂ ಆಗದು, ಕೂರಲೂ ಆಗದು. ನೊರೆ ಇಳಿಯಲೆಂದು ಲೋಟವನ್ನು ಹಾಗೇ ಇಟ್ಟರೆ ತಳದಲ್ಲಿ ಮಡ್ಡಿ ಕೂರುತ್ತದೆ. ಬಿಸಿ ಬೇಳೆಕಟ್ಟಿಗೆ ಬೆರೆಸೋಣವೆಂದರೆ, ಹೆಚ್ಚು ಬಿಸಿ ತಗುಲಿದ ಕೂಡಲೇ ಹಾಲು ಒಡೆದ ಹಾಗೆ ಚೂರುಚೂರಾಗಿ, ಸೋಸಿದರೆ ಪ್ರೋಟೀನೇ ಸೋಸುಬಟ್ಟೆಯಲ್ಲಿ ಉಳಿಯುತ್ತದೆ. ಉಗುರುಬೆಚ್ಚಗಿನ ಕಟ್ಟಿಗೆ ಸಪ್ಪೆ ಪುಡಿಯನ್ನು ಚಮಚದಿಂದ ನಿಧಾನವಾಗಿ ಕಲಸುವುದೊಂದೇ ದಾರಿ.

ಹಾಲಿನಿಂದ ತೆಗೆದ ಈ ಪುಡಿಯಲ್ಲೂ ಕಾನ್ಸಂಟ್ರೇಟ್ ಎಂಬುದಕ್ಕಿಂತ, ಇನ್ನಷ್ಟು ಶುದ್ಧೀಕರಿಸಿದ ಐಸೊಲೇಟ್ ಎಂಬುದು ಲೇಸು, ಏಕೆಂದರೆ ಅದರಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ತೀರಾ ಕಡಿಮೆ, ಮತ್ತು ಚಿಕಿತ್ಸೆಯ ನಂತರ ಕೆಲವರಿಗೆ ಹಾಲು ಒಗ್ಗುವುದಿಲ್ಲ. ಬೆಲೆ ಮಾತ್ರ ತಿಂಗಳ ಖರ್ಚಿನಲ್ಲಿ ಎದ್ದು ಕಾಣುತ್ತದೆ.

ರಾಗಿಗಂಜಿಯನ್ನು ಹಳಿಯಲು ಹಳೇ ಮೈಸೂರಿನ ಕಡೆಯವನಾದ ನನಗೆ ನಾಲಿಗೆ ಏಳುವುದಿಲ್ಲ. ನೋಡಲು ಬಂದ ನೆಂಟರೆಲ್ಲ ಹೇಳಿದ್ದೂ ಅದನ್ನೇ. ರಾಗಿಯಲ್ಲಿ ಸುಣ್ಣದಂಶ ಹೇರಳವಾಗಿದೆ, ನಿಜ. ಆದರೂ 20 ಗ್ರಾಂ ಹಿಟ್ಟಿನ ಗಂಜಿಯಲ್ಲಿ ಪ್ರೋಟೀನ್ ಒಂದೂವರೆ ಗ್ರಾಂ ಮಾತ್ರ, ಮಿಕ್ಕಿದ್ದರಲ್ಲಿ ಬಹುಪಾಲು ಪಿಷ್ಟ. ಇದ್ದ ಚೂರು ಜಾಗವನ್ನು ಅದು ತುಂಬಿಬಿಟ್ಟರೆ ಬೇರೆ ಯಾವುದಕ್ಕೂ ಎಡೆಯಿಲ್ಲ.

ಗಟ್ಟಿ ಮೊಸರಿಗೆ ಬೇಕಾದದ್ದು ಅರ್ಧ ಲೀಟರಿನ ನಂದಿನಿ ಟೋನ್ಡ್ ಹಾಲು, ಒಂದು ಚಮಚ ಹೆಪ್ಪು, ಒಂದು ತೆಳು ಪಂಚೆಯ ತುಂಡು. ರಾತ್ರಿ ಕಟ್ಟಿ ಫ್ರಿಜ್ಜಿನಲ್ಲಿ ತೂಗುಹಾಕಿದರೆ ಬೆಳಗ್ಗೆಗೆ ಅರ್ಧಕ್ಕಿಂತ ಕಡಿಮೆಯಾಗಿ ಇಳಿದು, ಅಷ್ಟರಲ್ಲೇ ಸುಮಾರು 13 ಗ್ರಾಂ ಪ್ರೋಟೀನ್ ಉಳಿಯುತ್ತದೆ. ಹೆಪ್ಪಾಗುವಾಗ ಲ್ಯಾಕ್ಟೋಸಿನ ಒಂದಂಶ ಹುಳಿಯಾಗಿ ಮಾರ್ಪಟ್ಟು, ಮತ್ತೊಂದಂಶ ನೀರಿನ ಜೊತೆಗೆ ಹೋಗುವುದರಿಂದ ನನ್ನ ಹೊಟ್ಟೆಗೆ ಅದು ಹಾಲಿಗಿಂತ ಹಗುರ. ಇದಕ್ಕೆ ಅರ್ಧ ಅಳತೆ ಸಪ್ಪೆ ಐಸೊಲೇಟನ್ನು ಚಮಚದಲ್ಲಿ ಕಲಸಿದರೆ ನೊರೆಯೂ ಇಲ್ಲ, ಒಡೆಯುವ ಭಯವೂ ಇಲ್ಲ. ದುಬಾರಿ ಡಬ್ಬಿ ಎರಡರಷ್ಟು ದಿನ ಬರುತ್ತದೆ. ಚಿಟಿಕೆ ಉಪ್ಪು, ಜೀರಿಗೆಪುಡಿ ಹಾಕಿದರೆ ಸಿಹಿ ಬೇಡವೆನ್ನುವ ನಾಲಿಗೆಗೂ ಹಿತ. ದ್ರವಾಹಾರ ಮುಗಿದು ನುಣ್ಣಗಿನ ಆಹಾರಕ್ಕೆ ವೈದ್ಯರು ಒಪ್ಪಿದ ಮೇಲೆ ಮಾತ್ರ ಇದನ್ನು ಆರಂಭಿಸಬೇಕು, ಅಲ್ಲಿಯವರೆಗೆ ಸೋಸಿದ ನೀರು ಮಜ್ಜಿಗೆಯೇ ಗತಿ.

ಮೊಟ್ಟೆ ಒಳ್ಳೆಯದು, ಆದರೆ ನನಗೆ ವಾಸನೆ ಹಿಡಿಸಲಿಲ್ಲ. ಅನ್ನ ಮತ್ತು ಬ್ರೆಡ್ ಬಹಳ ಕಾಲ ಗಂಟಲಿನ ಕೆಳಗೆ ಸಿಕ್ಕಿಹಾಕಿಕೊಂಡಂತೆ ಎನಿಸುತ್ತವೆ.

ಮೊಸರಿಗೆ ಇರುವ ಮತ್ತೊಂದು ಕಟ್ಟುಪಾಡು ಕಬ್ಬಿಣಾಂಶದ ಮಾತ್ರೆಯದು. ಮೊಸರಿನಲ್ಲಿರುವ ಸುಣ್ಣದಂಶವು ಕಬ್ಬಿಣ ಹೀರಿಕೊಳ್ಳುವುದನ್ನು ತಗ್ಗಿಸುವ ಕಾರಣ ಎರಡರ ನಡುವೆ ಎರಡು ಗಂಟೆಯಾದರೂ ಅಂತರವಿರಬೇಕು. ಹಾಗಾಗಿ ನಾನು ಮೊಸರನ್ನು ಬೆಳಗ್ಗೆಯೂ ಮಾತ್ರೆಯನ್ನು ರಾತ್ರಿಯೂ ತೆಗೆದುಕೊಳ್ಳುತ್ತೇನೆ.