ಹನ್ನೆರಡು ಬಣ್ಣದ ವಾಟರ್ ಕಲರ್ ಡಬ್ಬಿ: ರಾಯಚೂರಿನ ಬಿಸಿಲಲ್ಲಿ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಡಬ್ಬಿ ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಇದರ ಜೊತೆಗೆ ಯಾವ ಹಾಳೆ ತಗೋತೀರಿ ಅನ್ನೋದು ಡಬ್ಬಿಗಿಂತ ಮುಖ್ಯ. ನಮ್ಮ ಕಡೆ ಬಿಸಿಲಲ್ಲಿ ಕೂತು ಕಲಿಯುವವರಿಗಂತೂ ಹಾಳೆಯೇ ಎಲ್ಲ.

ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ರೇಟಿಗೆ ನಾಲ್ಕೈದು ಕಂಪನಿಗಳ ಡಬ್ಬಿ ಸಿಗುತ್ತವೆ, ಒಳಗಿನ ಮಾಲು ಹೆಚ್ಚುಕಡಿಮೆ ಒಂದೇ. ಜೇಬಲ್ಲಿ ಹಿಡಿಯುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಹನ್ನೆರಡು ಹಾಫ್ ಪ್ಯಾನ್ (ಒಣಗಿದ ಬಣ್ಣದ ಬಿಲ್ಲೆ ಇರುವ ಪುಟ್ಟ ಬಟ್ಟಲು), ಮುಚ್ಚಳದಲ್ಲೇ ಬಣ್ಣ ಕಲಸುವ ಜಾಗ. ಸ್ಟೂಡೆಂಟ್ ಗ್ರೇಡ್, ಅಂದರೆ ಕಲಿಯುವವರಿಗಾಗಿ ಮಾಡಿದ ಕಡಿಮೆ ರೇಟಿನ ಮಾಲು. ಸಾವಿರ ರೂಪಾಯಿ ಒಳಗೇ ಬಂತು, ತಗೊಂಡು ಎರಡು ವರ್ಷದ ಮೇಲಾಯಿತು. ನಾನು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು, ಚಿತ್ರಕಲೆ ಯಾವ ಶಾಲೆಯಲ್ಲೂ ಕಲಿತಿಲ್ಲ. ಮೊದಲು ಬರೀ ಪೆನ್ಸಿಲ್ ಹಿಡಿದು ಗೀಚುತ್ತಿದ್ದೆ, ಬಣ್ಣಕ್ಕೆ ಬಂದಿದ್ದು ಆಮೇಲೆ. ಹಾಗಾಗಿ ಇದು ಕಲಿಯುವವನ ಮಾತು ಅಂತಲೇ ಓದಿಕೊಳ್ಳಿ.

ಇಪ್ಪತ್ನಾಲ್ಕು ಬಣ್ಣದ್ದು ಯಾಕೆ ತಗೊಳ್ಳಲಿಲ್ಲ ಅಂತ ಬಹಳ ಜನ ಕೇಳುತ್ತಾರೆ. ಹನ್ನೆರಡೇ ಜಾಸ್ತಿ. ನಾನು ದಿನಾ ಮುಟ್ಟೋದು ಐದೇ: ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಇಟ್ಟಿಗೆ ಕಂದು), ಅಲ್ಟ್ರಾಮರೀನ್ ನೀಲಿ, ಲೆಮನ್ ಹಳದಿ, ಕ್ರಿಮ್ಸನ್ (ಕಡುಗೆಂಪು). ಹಸಿರು ಪ್ಯಾನ್ ಇದ್ದರೂ ನೀಲಿಗೆ ಹಳದಿ ಸೇರಿಸಿ ನಾನೇ ಮಾಡಿಕೊಳ್ಳುತ್ತೇನೆ. ಡಬ್ಬಿಯ ಹಸಿರು ಹಾಕಿದರೆ ಬೇವಿನ ಗಿಡ ಪ್ಲಾಸ್ಟಿಕ್ ಗಿಡದಂತೆ ಕಾಣುತ್ತದೆ. ಅದಕ್ಕೆ ಒಂಚೂರು ಸಿಯೆನ್ನಾ ಬೆರೆಸಿದರೆ ಮಾತ್ರ ನಮ್ಮ ಕಡೆಯ ಧೂಳು ಕೂತ ಹಸಿರು ಬರುತ್ತದೆ.

ಇನ್ನು ಬಂಡೆಗಲ್ಲಿನ ವಿಷಯ. ರಾಯಚೂರಲ್ಲಿ ಎತ್ತ ತಿರುಗಿದರೂ ಕಲ್ಲೇ ಅಲ್ವಾ? ಗುಡ್ಡ ಕಲ್ಲು, ಕೋಟೆ ಕಲ್ಲು, ಹಳೇ ಮನೆಗಳ ಗೋಡೆನೂ ಕಲ್ಲು. ಬೂದು ಬಣ್ಣ ಬೇಕು ಅಂತ ಕಪ್ಪು ಪ್ಯಾನಿಗೆ ಬ್ರಷ್ ಹಾಕಿದರೆ ಸಿಗೋದು ಸಿಮೆಂಟ್ ಬೂದು, ಜೀವ ಇರುವುದಿಲ್ಲ. ಅದರ ಬದಲು ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನ್ನಾ ಕಲಸಿ. ಒಂದು ನೀಲಿ, ಒಂದು ಇಟ್ಟಿಗೆ ಕಂದು, ಎರಡೂ ಸೇರಿದರೆ ಬೂದು. ನೀಲಿ ಜಾಸ್ತಿಯಾದರೆ ನೆರಳಲ್ಲಿರುವ ಕಲ್ಲು, ಸಿಯೆನ್ನಾ ಜಾಸ್ತಿಯಾದರೆ ಬಿಸಿಲು ಬಿದ್ದ ಕಲ್ಲು. ಅಲ್ಟ್ರಾಮರೀನ್ ಪುಡಿ ನೀರಲ್ಲಿ ತೇಲಿ ಹೋಗುವುದಿಲ್ಲ. ಹಾಳೆಯ ಸಣ್ಣ ಗುಳಿಗಳಲ್ಲಿ ಕಾಳುಕಾಳಾಗಿ ಕೂತುಬಿಡುತ್ತದೆ. ಒಣಗಿದ ಮೇಲೆ ನೋಡಿದರೆ ಗ್ರಾನೈಟಿನ ಮೈ ತಾನೇ ಮೂಡಿರುತ್ತದೆ. ಬೋರ್ ನೀರಲ್ಲಿ ಈ ಕಾಳು ಇನ್ನೂ ಎದ್ದು ಕಾಣುತ್ತದೆ, ಫಿಲ್ಟರ್ ನೀರಲ್ಲಿ ಕಡಿಮೆ. ಕುಡಿಯೋಕೆ ಆಗದ ಗಡಸು ನೀರು ಕಲ್ಲು ಬರೆಯೋಕೆ ಚೆನ್ನಾಗಿ ಆಗುತ್ತದೆ!

ಕೋಟೆ ಹತ್ತಿರ ಕೂತಿದ್ದಾಗ ಒಬ್ಬ ಹುಡುಗ ಬಂದು ನಿಂತ. ಸ್ವಲ್ಪ ಹೊತ್ತು ನೋಡಿ, "ಅಂಕಲ್, ಕಲ್ಲಿಗ್ ಯಾಕ ನೀಲಿ ಹಚ್ಚಾಕತ್ತೀರಿ?" ಅಂದ. ನೆರಳಿನ ಕಡೆ ಕೈ ತೋರಿಸಿ "ಅಲ್ಲಿ ನೋಡಪಾ" ಅಂದೆ. ಕಣ್ಣು ಸಣ್ಣ ಮಾಡಿಕೊಂಡು ನೋಡಿ, "ಹೌದಲ್ರೀ" ಅಂದು ಹೋದ.

ಕೋಟೆ ಮಾತು ಬಂತು ಅಂತ ಇನ್ನೊಂದು. ಬಣ್ಣಕ್ಕೆ ಕೈ ಹಾಕುವ ಮೊದಲು ಗೆರೆ ಕಲಿಯಬೇಕು ಅನ್ನುವವರು ನಮ್ಮ ಕೋಟೆಯ ಗೋಡೆ ನೋಡಿ ಬನ್ನಿ. 1294ರ ಶಾಸನ ಇರುವ ಉದ್ದ ಕಲ್ಲು ಎಲ್ಲರಿಗೂ ಗೊತ್ತು. 40 ಅಡಿಗೂ ಮೇಲೆ ಉದ್ದ, ಕಾಕತೀಯರ ಕಾಲದ್ದು. ಆದರೆ ಆ ಕಲ್ಲನ್ನು ಹೇಗೆ ತಂದರು ಅನ್ನುವ ಚಿತ್ರವೂ ಅಲ್ಲೇ ಗೋಡೆಯಲ್ಲಿ ಕೊರೆದಿದೆ, ಅದನ್ನು ನೋಡುವವರು ಕಡಿಮೆ. ಗಟ್ಟಿ ಗಾಲಿಯ ಬಂಡಿ, ಅದಕ್ಕೆ ಹೂಡಿದ ಕೋಣಗಳ ಸಾಲು, ನಡುನಡುವೆ ಹುರಿದುಂಬಿಸುವ ಆಳುಗಳು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಟ್ಟು ತಳ್ಳುವವರು. ನೆರಳು ಗಿರಳು ಏನೂ ಇಲ್ಲ, ಬರೀ ಗೆರೆ. ಆದರೂ ಭಾರ ಗೊತ್ತಾಗುತ್ತದೆ. ಅದನ್ನು ಪೆನ್ಸಿಲ್ಲಿನಲ್ಲಿ ನಕಲು ಮಾಡುತ್ತಾ ಕೂತಾಗ ಮೈ ಬಾಗುವ ಗೆರೆ ಎಳೆಯೋದು ನನಗೆ ಸ್ವಲ್ಪ ಕೈಗೆ ಬಂತು. ಮೊಬೈಲಲ್ಲಿ ನೋಡಿದ ವೀಡಿಯೋಗಳಿಂದ ಅಷ್ಟು ಬಂದಿರಲಿಲ್ಲ.

ಈಗ ಹಾಳೆ. ಡಬ್ಬಿ ಜೊತೆ ಫ್ರೀಯಾಗಿ ಬಂದ ಪ್ಯಾಡ್ ಮರದ ತಿರುಳಿನದು. ಅಂಗಡಿಯವರು ಸೆಲ್ಯುಲೋಸ್ ಅನ್ನುತ್ತಾರೆ. ಮಳೆಗಾಲದಲ್ಲಿ, ಮನೆಯೊಳಗೆ ಅದು ಪರವಾಗಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ, 40 ಡಿಗ್ರಿ ದಾಟಿದಾಗ, ಆಕಾಶಕ್ಕೆ ಬಳಿದ ನೀಲಿ ಹಾಳೆಯ ಆ ಕೊನೆ ಮುಟ್ಟುವ ಹೊತ್ತಿಗೆ ಈ ಕೊನೆ ಒಣಗಿ ಗೆರೆ ಬಿದ್ದಿರುತ್ತದೆ. ಅದನ್ನು ಸರಿ ಮಾಡೋಣ ಅಂತ ಮತ್ತೆ ನೀರು ಹಾಕಿದರೆ ಹೂಕೋಸಿನಂಥ ಕಲೆ. ಕಲಿಯುವವರು ಇಲ್ಲೇ ಸೋಲುತ್ತಾರೆ. ತಮ್ಮ ಕೈಯೇ ಸರಿ ಇಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಪೂರ್ತಿ ಹತ್ತಿಯ ಹಾಳೆ, 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ ಅಂತ), ಕೋಲ್ಡ್ ಪ್ರೆಸ್ಡ್ (ಸ್ವಲ್ಪ ತರಿತರಿ ಮೈಯದು) ಅಂತ ಕೇಳಿ ತಗೊಳ್ಳಿ. ಅದು ನೀರನ್ನು ಒಳಗೆ ಎಳೆದುಕೊಂಡು ಹಿಡಿದಿಟ್ಟುಕೊಳ್ಳುತ್ತದೆ, ನಮಗೆ ಕೆಲಸ ಮಾಡಲು ಟೈಮ್ ಕೊಡುತ್ತದೆ. ರೇಟು ಜಾಸ್ತಿ, ಒಪ್ಪುತ್ತೇನೆ. ಅದಕ್ಕೇ ಪ್ಯಾಡ್ ಬದಲು 22×30 ಇಂಚಿನ ಫುಲ್ ಶೀಟ್ ತಗೊಂಡು ಎಂಟು ತುಂಡು ಮಾಡಿಕೊಳ್ಳಿ. ಹಿಂದೆ ಮುಂದೆ ಎರಡೂ ಕಡೆ ಬರೆಯಬಹುದು. ಅಂದಹಾಗೆ ಈ ಹಾಳೆಗೆ ಹೆಚ್ಚಾಗಿ ಹಾಕುವುದು ಲಿಂಟರ್ಸ್, ಅಂದರೆ ಜಿನ್ನಿಂಗ್ ಆದ ಮೇಲೂ ಬೀಜಕ್ಕೆ ಅಂಟಿಕೊಂಡು ಉಳಿಯುವ ಗಿಡ್ಡ ನಾರು. ನಮ್ಮ ಮಿಲ್ಲಿನಿಂದ ಬೀಜ ಲಾರಿ ತುಂಬಿ ಹೋಗುವಾಗ ಆ ನಾರಿನ ಬೆಲೆ ನನಗೆ ಗೊತ್ತೇ ಇರಲಿಲ್ಲ.

ಬಿಸಿಲಿಗೆ ಇನ್ನೂ ಒಂದೆರಡು ಉಪಾಯ ಇವೆ. ಹಾಳೆಯ ಹಿಂಬದಿಗೂ ನೀರು ಸವರಿ, ಪ್ಲಾಸ್ಟಿಕ್ ಹಲಗೆ ಮೇಲೆ ಅಂಟಿಸಿದಂತೆ ಮಲಗಿಸಿ, ಆಮೇಲೆ ಶುರು ಮಾಡಿ. ಬಣ್ಣ ಕಲಸುವ ನೀರಿಗೆ ಮೆಡಿಕಲ್ ಶಾಪಿನ ಗ್ಲಿಸರಿನ್ ಒಂದೇ ಹನಿ ಹಾಕಿದರೆ ನಿಧಾನ ಒಣಗುತ್ತದೆ. ಜಾಸ್ತಿ ಹಾಕಿದರೆ ಒಣಗೋದೇ ಇಲ್ಲ, ಅಂಟಂಟು. ಬೇಸಿಗೆಯಲ್ಲಿ ಪ್ಯಾನ್ ಬಿರುಕು ಬಿಟ್ಟು ತುಂಡು ಉದುರುತ್ತದೆ. ತುಂಡನ್ನು ವಾಪಸ್ ಇಟ್ಟು, ನೀರು ಬಿಟ್ಟು ಒತ್ತಿದರೆ ಕೂತುಕೊಳ್ಳುತ್ತದೆ. ಡಬ್ಬಿಯನ್ನು ಬೈಕಿನ ಡಿಕ್ಕಿಯಲ್ಲಿ ಮಾತ್ರ ಇಡಬೇಡಿ.

ನನಗೆ ನಿಜವಾಗಿ ಬೇಜಾರಾಗಿದ್ದು ಕ್ರಿಮ್ಸನ್ ಮೇಲೆ. ಒಂದು ಪಟ್ಟಿಯಲ್ಲಿ ಎಲ್ಲ ಬಣ್ಣ ಹಚ್ಚಿ, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ ಕಿಟಕಿಗೆ ಅಂಟಿಸಿದ್ದೆ. ಬೇಸಿಗೆ ಮುಗಿದ ಮೇಲೆ ರಟ್ಟು ತೆಗೆದರೆ ಓಕರ್, ಸಿಯೆನ್ನಾ, ಅಲ್ಟ್ರಾಮರೀನ್ ಎರಡೂ ಕಡೆ ಒಂದೇ ಥರ ಇವೆ. ಕ್ರಿಮ್ಸನ್ ಮಾತ್ರ ಬಿಸಿಲು ಬಿದ್ದ ಕಡೆ ತಿಳಿ ಗುಲಾಬಿ. ಮಣ್ಣಿನ ಬಣ್ಣಗಳು ಕಬ್ಬಿಣದ ಆಕ್ಸೈಡಿನವು, ಬಿಸಿಲಿಗೆ ಜಗ್ಗಲ್ಲ. ಕಡಿಮೆ ರೇಟಿನ ಕೆಂಪುಗಳಲ್ಲಿ ಈ ತೊಂದರೆ ಇದ್ದದ್ದೇ. ಹಾಗಾಗಿ ಯಾರಿಗಾದರೂ ಚಿತ್ರ ಫ್ರೇಮ್ ಹಾಕಿ ಕೊಡುವುದಿದ್ದರೆ ಆ ಒಂದು ಬಣ್ಣವನ್ನು ಆರ್ಟಿಸ್ಟ್ ಗ್ರೇಡಿನಲ್ಲಿ (ಅದು ಮೇಲ್ದರ್ಜೆಯ ಮಾಲು) ಬಿಡಿಯಾಗಿ ತಗೊಳ್ಳಿ. ಟ್ಯೂಬಿನ ಮೇಲೆ ಪಿಗ್ಮೆಂಟ್ ನಂಬರ್, ಅಂದರೆ ಒಳಗಿನ ಬಣ್ಣದ ಪುಡಿ ಯಾವುದು ಅನ್ನುವ ಗುರುತು, ಬರೆದಿರುತ್ತಾರೆ. ಪಿಆರ್ 83 ಅಂತ ಇದ್ದರೆ ಅದು ಹಳೇ ಅಲಿಜರಿನ್ ಕೆಂಪು, ಬಿಸಿಲಿಗೆ ಮಾಸುತ್ತದೆ, ಬೇಡ. ನಾನು ಖಾಲಿ ಪ್ಯಾನಿಗೆ ಟ್ಯೂಬಿನಿಂದ ಹಿಂಡಿ ಒಣಗಿಸಿಟ್ಟುಕೊಂಡಿದ್ದೇನೆ. ನೀಲಿ ಪ್ಯಾನ್ ಮುಗಿದಾಗಲೂ ಅದನ್ನೇ ಮಾಡಿದೆ.

ಜೊತೆಗೆ ಬಂದ ಬ್ರಷ್ ಸುಮ್ನೆ ಲೆಕ್ಕಕ್ಕೆ ಇದೆ. ಎಂಟನೇ ನಂಬರಿನ ರೌಂಡ್ ಬ್ರಷ್ ಒಂದು ತಗೊಳ್ಳಿ. ತುದಿ ಚೂಪಾಗಿದ್ದರೆ ಅದರಲ್ಲೇ ಆಕಾಶನೂ ಆಗುತ್ತದೆ, ತಂತಿ ಮೇಲೆ ಕೂತ ಕಾಗೆನೂ ಆಗುತ್ತದೆ. ಡಬ್ಬಿಯ ಮುಚ್ಚಳದ ಕೀಲು ಸಡಿಲ ಆಗಿದೆ, ರಬ್ಬರ್ ಬ್ಯಾಂಡ್ ಹಾಕಿ ನಡೆಸುತ್ತಿದ್ದೇನೆ.

ಯಾರು ತಗೋಬಹುದು? ಪೆನ್ಸಿಲ್ಲಿನಲ್ಲಿ ಒಂದು ಗೋಡೆ, ಒಂದು ಕೊಡ ನೋಡಿ ಬರೆಯಲು ಬರುವವರು ಧೈರ್ಯವಾಗಿ ತಗೊಳ್ಳಿ. ಚಿಕ್ಕ ಮಕ್ಕಳಿಗೆ ಇದು ಬೇಡ, ಅವರಿಗೆ ಪೋಸ್ಟರ್ ಕಲರೇ ಖುಷಿ. ಬಜೆಟ್ಟು ಸಾವಿರದೈನೂರು ಇದ್ದರೆ ಅರ್ಧ ಡಬ್ಬಿಗೆ, ಅರ್ಧ ಹಾಳೆಗೆ. ಇಪ್ಪತ್ನಾಲ್ಕರ ಡಬ್ಬಿಯ ಆಸೆ ಬಿಡಿ.

ನಕ್ಷತ್ರ ಐದಕ್ಕೆ ನಾಲ್ಕು. ಕಳೆದ ಒಂದು ಕ್ರಿಮ್ಸನ್ನಿನದು. ಬಿಳಿ ಪ್ಯಾನಿಗೆ ಇವತ್ತಿನ ತನಕ ಬ್ರಷ್ ತಾಗಿಲ್ಲ, ಬಿಳಿ ಬೇಕಾದ ಕಡೆ ಹಾಳೆಯನ್ನೇ ಖಾಲಿ ಬಿಡುತ್ತೇನೆ. ಯಾರಿಗಾದರೂ ಬೇಕಿದ್ದರೆ ಹೇಳಿ, ಫ್ರೀಯಾಗಿ ಕೊಡುತ್ತೇನೆ.