ಇ-ಪುಸ್ತಕಕ್ಕೆ ದುಡ್ಡು ಕೊಡುವ ಮೊದಲು ಒಂದು ಸಾಲನ್ನು ವಾಟ್ಸಾಪ್‌ಗೆ ಹಾಕಿ ನೋಡಿ

ಅಪ್ಪನಿಗೆ 80 ತುಂಬಿದ ದಿನ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಊಟಕ್ಕೆ ಮೂವತ್ತು ಜನ ಇದ್ದರು. ಪಾಯಸ ಬಡಿಸುವ ಹೊತ್ತಿಗೆ ನಾನು ಕುಟುಂಬದ ವಾಟ್ಸಾಪ್ ಗುಂಪಿಗೆ ಅಪ್ಪನ ಪುಸ್ತಕದ ಇಪಬ್ ಫೈಲ್, ಅಂದರೆ ಇ-ಪುಸ್ತಕದ ಫೈಲ್, ಹಾಕಿದೆ. ಎರಡು ನಿಮಿಷ ಆಗಿರಲಿಲ್ಲ, ಚಿಕ್ಕಮ್ಮ ಫೋನ್ ಹಿಡಿದುಕೊಂಡು ಬಂದರು. "ಇದು ಯಾವ ಭಾಷೆ ಮಾರಾಯ?"

ನೋಡಿದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ. ಕ ಇರಬೇಕಾದಲ್ಲಿ ದೊಡ್ಡ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ಎ. ನ ಬರುವಲ್ಲೆಲ್ಲ ಪೌಂಡಿನ ಚಿಹ್ನೆ. ಮಾಟುಂಗದ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಾ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರ ಕಥೆ ಅದು. ಅಷ್ಟೊಂದು ಪೌಂಡು ಎಲ್ಲಿಂದ ಬರಬೇಕು? ಅಪ್ಪ ಏನೂ ಹೇಳಲಿಲ್ಲ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

ಮನೆಯ ಹಳೆಯ ಪುಸ್ತಕವನ್ನು ಇ-ಪುಸ್ತಕ ಮಾಡಿಸಬೇಕು ಅಂತ ಹೊರಟವರು ಇದನ್ನು ಓದಿಬಿಡಿ. ನಾನು ಕಳೆದುಕೊಂಡದ್ದು ₹14,000.

ಪುಸ್ತಕ ಅಚ್ಚಾದದ್ದು 2009ರಲ್ಲಿ, ಊರಿನ ಪ್ರೆಸ್ಸಿನಲ್ಲಿ. ಡಿಟಿಪಿಯವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು, ಅದರಲ್ಲಿ ತಪ್ಪೇನಿಲ್ಲ. ಆ ಫೈಲಿನ ಸಿಡಿ ನನ್ನ ಹತ್ತಿರ ಇತ್ತು. ದಾದರ್‌ನಲ್ಲಿ ಇ-ಪುಸ್ತಕ ಮಾಡಿಕೊಡುವ ಒಬ್ಬ ಹುಡುಗನಿಗೆ ಒಪ್ಪಿಸಿದೆ. ಮರಾಠಿಯವನು, ಕನ್ನಡದ ಒಂದಕ್ಷರವೂ ಬಾರದು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಹತ್ತು ದಿನದಲ್ಲಿ ಸ್ಯಾಂಪಲ್ ಕಳಿಸಿದ. ನನ್ನ ಫೋನಿನಲ್ಲಿ ಚಂದ ಕಂಡಿತು. ಪೂರ್ತಿ ದುಡ್ಡು ಕೊಟ್ಟೆ. ಅದರಲ್ಲಿ ₹2,000 ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕಕ್ಕೆ ಕೊಡುವ ಅಂತರರಾಷ್ಟ್ರೀಯ ಸಂಖ್ಯೆಗೆ, ಅಂತ. ನಮ್ಮ ದೇಶದಲ್ಲಿ ಐಎಸ್‌ಬಿಎನ್ ಅನ್ನು ಸರ್ಕಾರವೇ ಬಿಟ್ಟಿ ಕೊಡುತ್ತದೆ ಅಂತ ಗೊತ್ತಾದದ್ದು ಆಮೇಲೆ.

ಹುಟ್ಟುಹಬ್ಬದ ಮರುದಿನ ಅವನ ಅಂಗಡಿಗೆ ಹೋದೆ. "ಕಾಕಾ, ತುಮ್ಚಾ ಫೋನ್ ಜುನಾ ಆಹೇ" ಅಂದ. ಮೂವತ್ತು ಜನರ ಫೋನೂ ಹಳೆಯದಾ? ಇಪಬ್‌ಚೆಕ್ ಅನ್ನೋ ಸಾಧನದ ವರದಿ ತೋರಿಸಿದ, ಒಂದೂ ತಪ್ಪಿಲ್ಲ. ಇರಲಿಕ್ಕಿಲ್ಲ ಬಿಡಿ. ಫೈಲಿನ ಕಟ್ಟಡ ಸರಿಯಿದೆಯೇ ಅಂತ ಅದು ನೋಡುತ್ತದೆ. ಒಳಗಿರುವುದು ಕನ್ನಡವೋ ಅಲ್ಲವೋ ಅದಕ್ಕೇನು ಗೊತ್ತು?

ಕೊನೆಗೆ ಗುಟ್ಟು ಬಿಡಿಸಿದವನು ಪುಣೆಯ ಹಿಂಜೆವಾಡಿಯಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ. ಇಪಬ್ ಅಂದರೆ ಒಂದು ಜಿಪ್ ಫೈಲ್ ಅಷ್ಟೇ, ಮಾವ, ಅಂತ ಹೇಳಿ ಸ್ಯಾಂಪಲ್ಲನ್ನೂ ಕೊನೆಯ ಫೈಲನ್ನೂ ಬಿಚ್ಚಿ ಅಕ್ಕಪಕ್ಕ ಇಟ್ಟ. ಎರಡರಲ್ಲೂ ಫಾಂಟ್ ಇತ್ತು. ಬದಲಾದದ್ದು ಪುಸ್ತಕದ ಗುರುತಿನ ಸಂಖ್ಯೆ ಮಾತ್ರ. ಫಾಂಟನ್ನು ಯಾರೂ ಸುಲಭವಾಗಿ ಎತ್ತಿಕೊಂಡು ಹೋಗಬಾರದು ಅಂತ ಇಪಬ್‌ನಲ್ಲಿ ಅದನ್ನು ಕಲಸಿಡುವ ಒಂದು ಪದ್ಧತಿ ಇದೆ. ಫಾಂಟ್ ಫೈಲಿನ ಮೊದಲ 1040 ಬೈಟ್‌ಗಳನ್ನು ಪುಸ್ತಕದ ಗುರುತಿನ ಸಂಖ್ಯೆಯಿಂದ ಮಾಡಿದ ಕೀಲಿಯಿಂದ ಕಲಸುತ್ತಾರೆ. ಓದುವ ಆಪ್ ಅದೇ ಸಂಖ್ಯೆ ಹಿಡಿದು ಬಿಡಿಸಿಕೊಳ್ಳುತ್ತದೆ. ನಮ್ಮ ಹುಡುಗ ಸ್ಯಾಂಪಲ್ ಆದಮೇಲೆ ಹಳೆಯ ಗುರುತನ್ನು ಅಳಿಸಿ, ಆ ಜಾಗದಲ್ಲಿ ಐಎಸ್‌ಬಿಎನ್ ಅನ್ನು ಕೈಯಲ್ಲೇ ತುಂಬಿದ್ದ. ಬೀಗ ಹಳೆಯದು, ಕೀಲಿ ಹೊಸದು. ಫಾಂಟ್ ತೆರೆಯಲೇ ಇಲ್ಲ. ಐಎಸ್‌ಬಿಎನ್ ಹಾಕಿದ ಮೇಲೆ ಇಪಬ್ ಅನ್ನು ಮೊದಲಿನಿಂದ ಮಾಡಬೇಕಿತ್ತು.

ಬೇರೆ ಪುಸ್ತಕವಾಗಿದ್ದರೆ ಇಷ್ಟಕ್ಕೆ ಏನೂ ಆಗುತ್ತಿರಲಿಲ್ಲ. ಸಾಮಾನ್ಯ ಅಕ್ಷರದಲ್ಲಿ ಕನ್ನಡ ಕಾಣುತ್ತಿತ್ತು. ಇಲ್ಲಿ ಹಾಗಲ್ಲ. ಹಳೆಯ ನುಡಿಯ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರವೇ. ಫಾಂಟ್ ಅದಕ್ಕೆ ಕಟ್ಟಿದ ಕನ್ನಡದ ವೇಷ. ಯಕ್ಷಗಾನದ ಚೌಕಿಯಲ್ಲಿ ಕಿರೀಟ ಬಿಚ್ಚಿದ ಹಾಗೆ ಫಾಂಟ್ ಹೋಯಿತೆಂದರೆ ವೇಷವೂ ಹೋಯಿತು. ಚೆನ್ನಾಗಿದ್ದ ಸ್ಯಾಂಪಲ್ಲೂ ಅಷ್ಟೇ. ಅಳಿಯ ಆಪ್‌ನಲ್ಲಿ ಅಕ್ಷರದ ಶೈಲಿ ಬದಲಿಸಿದ ತಕ್ಷಣ ಅದೂ ಪೌಂಡು, ಗೀಟು ಆಯಿತು. ಅದರಲ್ಲಿ ಒಂದು ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಫೋನ್ ಓದಿ ಹೇಳುವುದೂ ಇಲ್ಲ.

ಆದ್ದರಿಂದ ಸ್ಯಾಂಪಲ್ ಬಂದ ಕೂಡಲೇ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ಕನ್ನಡ ಬಂದರೆ ಅದು ಯೂನಿಕೋಡ್, ಅಂದರೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಪದ್ಧತಿ, ಮುಂದುವರಿಯಿರಿ. ಕಸ ಬಂದರೆ ದುಡ್ಡು ಕೊಡಬೇಡಿ. ಕೊನೆಯ ಫೈಲ್ ಬಂದಾಗ ಇದನ್ನೇ ಇನ್ನೊಮ್ಮೆ ಮಾಡಿ, ಅದೂ ಬೇರೆಯವರ ಫೋನಿನಲ್ಲಿ. ಶೈಲಿ ಬದಲಿಸಿಯೂ ನೋಡಿ.

ನಾವು ಪಠ್ಯವನ್ನು ಯೂನಿಕೋಡಿಗೆ ಬದಲಿಸಿದೆವು. ಬದಲಿಸುವ ತಂತ್ರಾಂಶ ಬಿಟ್ಟಿ ಸಿಗುತ್ತದೆ, ಆದರೆ ಕರಡು ತಿದ್ದಲು ಮೂರು ವಾರ ಬೇಕಾಯಿತು. ಇಂಗ್ಲಿಷಿನಲ್ಲೇ ಇದ್ದ ಬಸ್ಸಿನ ಹೆಸರುಗಳು ಅರ್ಥವಿಲ್ಲದ ಕನ್ನಡ ಆಗಿದ್ದವು. ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ, ಅರ್ಧಾಕ್ಷರಕ್ಕೆ ಮುಂದಿನ ಅಕ್ಷರ ಒತ್ತಾಗದಂತೆ ತಡೆಯುತ್ತದೆ. ಅದು ಬಿಟ್ಟುಹೋಗಿ ಘಾಟ್‌ಕೋಪರ್ ಹೋಗಿ ಘಾಟ್ಕೋಪರ್ ಆಗಿತ್ತು. ನೋಟೊ ಸೆರಿಫ್ ಕನ್ನಡ ಫಾಂಟ್ ಹಾಕಿದೆವು, ಅದು ಮುಕ್ತ ಪರವಾನಗಿಯದು, ಕಲಸುವ ಗೋಜಿಲ್ಲ. ಫೈಲ್ ಸಣ್ಣದಾಗಲಿ ಅಂತ ಅಳಿಯ ಅದರಲ್ಲಿ ಬೇಡದ ಅಕ್ಷರಗಳನ್ನು ಕತ್ತರಿಸಲು ಹೋದ. ಒತ್ತುಗಳೇ ಹೋದವು. ಒತ್ತಿನ ಆಕಾರಕ್ಕೆ ಯೂನಿಕೋಡಿನಲ್ಲಿ ಬೇರೆ ಸಂಖ್ಯೆ ಇಲ್ಲ, ಅದು ಫಾಂಟಿನ ಒಳಗೆ ಮಾತ್ರ ಇರುತ್ತದೆ. ಕತ್ತರಿ ಅದನ್ನು ಬೇಡದ್ದು ಅಂದುಕೊಂಡಿತ್ತು. ಸುಮ್ನೆ ಇಡೀ ಫಾಂಟ್ ಇರಲಿ ಅಂದೆ.

ದಾದರ್‌ನವನು ದುಡ್ಡು ವಾಪಸ್ ಕೊಟ್ಟಿಲ್ಲ, ಈಗ ಫೋನೂ ಎತ್ತುವುದಿಲ್ಲ. ಅಪ್ಪ ಹೊಸ ಫೈಲನ್ನು ಟ್ಯಾಬ್‌ನಲ್ಲಿ, ಅಕ್ಷರ ದೊಡ್ಡದು ಮಾಡಿಕೊಂಡು, ಮೊದಲ ಪುಟದಿಂದ ಓದುತ್ತಿದ್ದಾರೆ. ನಾಲ್ಕನೇ ಅಧ್ಯಾಯದಲ್ಲಿ ಇನ್ನೊಂದು ಘಾಟ್ಕೋಪರ್ ಸಿಕ್ಕಿತಂತೆ. ನಿನ್ನೆ ರಾತ್ರಿ ಊಟದ ಹೊತ್ತಿಗೆ ಚೀಟಿಯಲ್ಲಿ ಬರೆದು ಕೊಟ್ಟರು.