ನಾಗಮಂಡಲದ ಹಾಡುಗಳು: 1997ರ ಕ್ಯಾಸೆಟ್‌ನಿಂದ ಇವತ್ತಿನ ಮೊಬೈಲ್‌ವರೆಗೆ

‘ನಾಗಮಂಡಲ’ ಸಿನಿಮಾದ ಹಾಡುಗಳ ಕ್ಯಾಸೆಟ್ ನಮ್ಮ ಮನೆಗೆ ಬಂದಾಗ ನಾನು ಏಳನೇ ಕ್ಲಾಸು. ಅಪ್ಪ ಧಾರವಾಡದ ಸುಭಾಸ್ ರೋಡಿನಿಂದ ತಂದಿದ್ದರು. ಆಮೇಲೆ ಸಿಡಿ ಬಂತು, ಪೆನ್‌ಡ್ರೈವ್ ಬಂತು, ಈಗ ಮೊಬೈಲ್. ಹಾಡುಗಳು ಮಾತ್ರ ಅವೇ.

ಆ ವರ್ಷ ನಮ್ಮ ಶಾಲೆ ಗ್ಯಾದರಿಂಗ್‌ನಲ್ಲಿ ‘ಈ ಹಸಿರು ಸಿರಿಯಲಿ’ ಹಾಡಿಗೆ ನಾವು ಆರು ಹುಡುಗಿಯರು ಕುಣಿದೆವು. ನವಿಲಿನ ಹಾಗೆ ಕುಣಿಯಬೇಕು ಅನ್ನುವ ಹುಡುಗಿಯ ಹಾಡು ಅದು. ಹನ್ನೆರಡು ವರ್ಷದವಳಿಗೆ ಬೇರೇನು ಬೇಕು? ರಿವೈಂಡ್ ಮಾಡಿ ಮಾಡಿ ಅದೊಂದನ್ನೇ ಕೇಳುತ್ತಿದ್ದೆ. ‘ಕಂಬದ ಮ್ಯಾಲಿನ ಗೊಂಬೆಯೇ’ ಬಂದರೆ ಮುಂದೆ ಓಡಿಸುತ್ತಿದ್ದೆ. ತುಂಬ ನಿಧಾನ ಅನಿಸುತ್ತಿತ್ತು.

ಆ ಹಾಡು ನನ್ನದಾಗಿದ್ದು ಬೆಂಗಳೂರಿನ ಹಾಸ್ಟೆಲ್‌ನಲ್ಲಿ. ನಾನು ‘ಮ್ಯಾಲೆ’, ‘ಹ್ಯಾಂಗ’ ಅಂದಾಗಲೆಲ್ಲ ಕೆಲವರು ನಗುತ್ತಿದ್ದರು. ನಮ್ಮ ಕಡೆ ಮಾತು ಸಿನಿಮಾದಲ್ಲಿ ಬಂದರೂ ಜಾಸ್ತಿ ನಗಿಸೋಕೇ ಬರುತ್ತಿತ್ತು, ಅಲ್ವಾ? ಒಂದು ರಾತ್ರಿ ಕರೆಂಟ್ ಹೋಗಿತ್ತು. ಮಂಡ್ಯ ಕಡೆಯ ರೂಮ್‌ಮೇಟ್ ತಾನಾಗೇ ‘ಕಂಬದ ಮ್ಯಾಲಿನ’ ಶುರು ಮಾಡಿದಳು. ‘ಮ್ಯಾಲಿನ’ ಅಂತಲೇ ಹಾಡಿದಳು, ತಿದ್ದಲಿಲ್ಲ. ಆ ಹಾಡನ್ನು ‘ಮೇಲಿನ’ ಅಂತ ಹಾಡೋಕೆ ಆಗೋದೇ ಇಲ್ಲ, ಹಾಡಿ ನೋಡಿ. ಅವತ್ತಿನಿಂದ ನಾನು ನನ್ನ ಮಾತನ್ನು ನುಂಗಿಕೊಳ್ಳುವುದು ಬಿಟ್ಟೆ.

ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಗಿರೀಶ ಕಾರ್ನಾಡರು ‘ನಾಗಮಂಡಲ’ ನಾಟಕ ಬರೆದರು. ಅದನ್ನು ಟಿ.ಎಸ್. ನಾಗಾಭರಣ ಸಿನಿಮಾ ಮಾಡಿದರು. ಹೊಸದಾಗಿ ಮದುವೆಯಾದ ರಾಣಿಯನ್ನು ಗಂಡ ಮನೆಯಲ್ಲಿ ಕೂಡಿಹಾಕಿ ಹೋಗುತ್ತಾನೆ. ಮುಂದೆ ಅವನದೇ ರೂಪದಲ್ಲಿ ನಾಗಪ್ಪ, ಅಂದರೆ ನಾಗರಹಾವು, ಬರುತ್ತಾನೆ. ಸುಖ ಬಂದರೂ ಅದು ನಿಜವೋ ಸುಳ್ಳೋ ಗೊತ್ತಿಲ್ಲ. ಕೇಳೋಣ ಅಂದರೆ ಮನೆಯಲ್ಲಿ ಇನ್ನೊಂದು ಜೀವ ಇಲ್ಲ. ಹಾಗಾಗಿ ಕಂಬದ ಗೊಂಬೆಯನ್ನು ಕೇಳುತ್ತಾಳೆ, ನಿನ್ನ ನಗುವನ್ನು ನಂಬಲೇನು ಅಂತ.

ಹಾಡು ಬರೆದ ಗೋಪಾಲ ಯಾಜ್ಞಿಕ್ ಅವರು ಆ ಅನುಮಾನಕ್ಕೆ ನೀರೊಲೆಯ ಕೆಂಡವನ್ನು ತಂದಿದ್ದಾರೆ. ನವಲಗುಂದದ ಹತ್ತಿರ ನಮ್ಮ ಅಜ್ಜಿ ಮನೆಯ ಬಚ್ಚಲಲ್ಲಿ ನೀರೊಲೆಗೆ ಹತ್ತಿ ಕಟ್ಟಿಗೆ ಹಾಕುತ್ತಿದ್ದರು. ಚಟಚಟ ಅಂತ ಉರಿಯುತ್ತಿತ್ತು. ಎಣ್ಣೆ ಹಚ್ಚಿಕೊಂಡು ಒಲೆ ಮುಂದೆ ಕೂತರೆ ಮುಖ ಬಿಸಿ, ಬೆನ್ನು ತಣ್ಣಗೆ. ಕೆಂಡ ನಿಗಿನಿಗಿ ಅಂತ ಕೆಂಪಗಿರುತ್ತಿತ್ತು, ಸ್ವಲ್ಪ ಹೊತ್ತಿಗೆ ನೋಡಿದರೆ ಬರೀ ಬೂದಿ. ಹತ್ತಿ ಕಟ್ಟಿಗೆ ಕೆಂಡ ಅಷ್ಟೇ, ನಿಲ್ಲಲ್ಲ. ಈ ಕೆಂಡ ಸತ್ಯವೇ ಅಂತ ರಾಣಿ ಕೇಳುವಾಗ ನನಗೆ ಆ ಬಚ್ಚಲು ಕಣ್ಣಿಗೆ ಬರುತ್ತದೆ. ಅವಳು ಯಾಕೆ ಕೇಳಿದಳು ಅಂತ ಬಿಡಿಸಿ ಹೇಳುವುದು ಬೇಕಾಗುವುದಿಲ್ಲ.

ಸಂಗೀತ ಕೊಟ್ಟ ಸಿ. ಅಶ್ವಥ್ ಅವರ ದೊಡ್ಡ ಗುಣ, ಅವರು ಮಾತನ್ನು ಮುಚ್ಚುತ್ತಿರಲಿಲ್ಲ. ಭಾವಗೀತೆ, ಶರೀಫಜ್ಜನ ಪದ ಏನೇ ಇರಲಿ, ಒಂದೊಂದು ಅಕ್ಷರವೂ ಕಿವಿಗೆ ಬೀಳಬೇಕಿತ್ತು ಅವರಿಗೆ. ಹಾಡಿದ ಸಂಗೀತಾ ಕಟ್ಟಿ ನಮ್ಮ ಧಾರವಾಡದವರೇ, ಹಿಂದೂಸ್ತಾನಿ ಕಲಿತವರು. ಅಷ್ಟು ಕಲಿತ ಗಂಟಲು ಇಲ್ಲಿ ಎಲ್ಲೂ ಪ್ರದರ್ಶನ ಮಾಡುವುದಿಲ್ಲ. ಒಬ್ಬಳೇ ಇರುವ ಹುಡುಗಿ ಮೆಲ್ಲಗೆ ಮಾತಾಡಿದ ಹಾಗಿದೆ. ಈಗ ಟಿವಿ ಸ್ಪರ್ಧೆಗಳಲ್ಲಿ ಇದೇ ಹಾಡಿಗೆ ತಾನ, ಆಲಾಪ ಎಲ್ಲ ಸೇರಿಸಿ ಹಾಡುತ್ತಾರೆ. ನನಗೆ ಅದು ಸೇರುವುದಿಲ್ಲ. ಗೊಂಬೆ ಹತ್ತಿರ ಯಾರಾದರೂ ಕೂಗಿ ಮಾತಾಡುತ್ತಾರಾ?

ಮದುವೆಯಾದ ಹೊಸದರಲ್ಲಿ ಯಜಮಾನರಿಗೆ ಸೆಕೆಂಡ್ ಶಿಫ್ಟ್. ಮಧ್ಯಾಹ್ನ ಹೋದರೆ ಬರುವುದು ರಾತ್ರಿ ಹನ್ನೆರಡಕ್ಕೆ. ಒಳ್ಳೆಯ ಮನುಷ್ಯ, ನನ್ನ ಕಥೆಗೂ ರಾಣಿ ಕಥೆಗೂ ಹೋಲಿಕೆಯೇ ಇಲ್ಲ. ಆದರೂ ಪರಊರಿನ ಮನೆಯಲ್ಲಿ ಸಂಜೆ ಹೊತ್ತು ಸುಮ್ನೆ ಕೂತಾಗ ಗೋಡೆ ಮೇಲಿನ ಸಿದ್ಧಾರೂಢರ ಫೋಟೋ ಜೊತೆ ಮಾತಾಡಿದ್ದೇನೆ. ಸಾರಿಗೆ ಉಪ್ಪು ಜಾಸ್ತಿ ಆಯಿತು ಅಂತ ಹೇಳಿದ್ದೇನೆ, ಅತ್ತಿದ್ದೇನೆ. ಆಗ ಈ ಹಾಡು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ದೂರು ಅಂದರೆ ಒಂದೇ. ಮೊಬೈಲ್‌ನಲ್ಲಿ ನಾನು ಕೇಳುವ ಕಡೆ ಹಾಡು ಬರೆದವರ ಹೆಸರೇ ಕಾಣಿಸುವುದಿಲ್ಲ. ಯಾಜ್ಞಿಕ್ ಅವರ ಹೆಸರು ಗೊತ್ತಿಲ್ಲದೆ ಎಷ್ಟು ಜನ ಇದನ್ನು ಗುನುಗುತ್ತಿದ್ದಾರೋ. ಧ್ವನಿ ಮಾತ್ರ ಕ್ಯಾಸೆಟ್‌ಗಿಂತ ತುಂಬ ಸ್ಪಷ್ಟವಾಗಿದೆ. ಹೊಸದಾಗಿ ಕೇಳುವವರು ಹಿಂದೆ ಮುಂದೆ ಬೇರೆ ಸಿನಿಮಾ ಹಾಡು ಬರದ ಹಾಗೆ ನೋಡಿಕೊಳ್ಳಿ. ರಾತ್ರಿ ಊಟ ಆದ ಮೇಲೆ ಕೇಳಿ.

ಹಳೇ ಕ್ಯಾಸೆಟ್ ಇನ್ನೂ ಇಟ್ಟಿದ್ದೇನೆ. ತಮ್ಮ ಒಮ್ಮೆ ಅದರ ತೂತಿಗೆ ಸೆಲ್ಲೋಟೇಪ್ ಹಚ್ಚಿ ಕ್ರಿಕೆಟ್ ಕಾಮೆಂಟರಿ ರೆಕಾರ್ಡ್ ಮಾಡಲು ಹೋಗಿದ್ದ. ‘ಈ ಹಸಿರು ಸಿರಿಯಲಿ’ ನಡುವೆ ಹಾಡು ನಿಂತು, "ಏ, ಅದರಾಗ ಏನ್ ಮಾಡಾಕತ್ತೀಯೋ, ಬಿಡು ಅದನ್ನ!" ಅಂತ ಅವ್ವನ ದನಿ ಬರುತ್ತದೆ. ಆಮೇಲೆ ಮತ್ತೆ ಹಾಡು. ಮೊಬೈಲ್‌ನಲ್ಲಿ ಆ ಜಾಗ ಬಂದಾಗ ಈಗಲೂ ಬೈಗುಳಕ್ಕೆ ಕಾಯುತ್ತೇನೆ. ಹೋದ ತಿಂಗಳು ಅವ್ವನಿಗೆ ಫೋನಿನಲ್ಲಿ ಇದನ್ನು ಹೇಳಿದೆ. "ಹಾಡು ಕೆಟ್ಟಿತಲ್ಲವಾ" ಅಂದಳು. ಕೆಟ್ಟಿಲ್ಲವ್ವ ಅಂದೆ.